ಹನಿಯೂ ಸೋರದಂತೆ ಕತ್ತರಿಸುವ ಪ್ರೋಟೀನ್

ನಮ್ಮ ಜೀವಕೋಶವನ್ನು ಸುತ್ತಿರುವ ಪೊರೆಯ ದಪ್ಪ ಎಷ್ಟು ಗೊತ್ತೇ? ಸುಮಾರು 5 ನ್ಯಾನೋಮೀಟರ್! ಕೊಬ್ಬಿನ ಅಣುಗಳ ಎರಡೇ ಎರಡು ಪದರ. ಆಮ್ಲಜನಕ ಸಲೀಸಾಗಿ ನುಸುಳುತ್ತದೆ. ಸಕ್ಕರೆಗೆ, ಸೋಡಿಯಂಗೆ ಪ್ರೋಟೀನಿನ ಬಾಗಿಲುಗಳಿವೆ. ಆದರೆ ಕೊಲೆಸ್ಟೆರಾಲ್ ತುಂಬಿಕೊಂಡು ಬರುವ ಎಲ್‌ಡಿಎಲ್ ಕಣ? ಅಷ್ಟು ದೊಡ್ಡ ಸರಕು ಯಾವ ಬಾಗಿಲಲ್ಲೂ ಹಿಡಿಸದು. ಆಗ ಪೊರೆಯೇ ಒಳಕ್ಕೆ ತಗ್ಗಿ, ಸರಕನ್ನು ತಬ್ಬಿ, ಚೀಲವಾಗಿ, ಸಪೂರ ಕತ್ತೊಂದರ ಆಸರೆಯಲ್ಲಿ ಜೋತಾಡುತ್ತದೆ. ಆ ಕತ್ತನ್ನು ತುಂಡರಿಸುವವರು ಯಾರು?

ಡೈನಮಿನ್! ಕತ್ತಿನ ಸುತ್ತ ಸುರುಳಿ ಸುತ್ತಿಕೊಂಡು, ಜಿಟಿಪಿ ಎಂಬ ಅಣುವನ್ನು ಒಡೆದು ಶಕ್ತಿ ಪಡೆದು, ಕಣಕದಿಂದ ಉಂಡೆ ಹರಿದುಕೊಳ್ಳುವ ಬೆರಳುಗಳಂತೆ ಹಿಸುಕುತ್ತದೆ ಈ ಪ್ರೋಟೀನ್. ಇದು ಕೈಕೊಟ್ಟರೆ? ‘ಶಿಬಿರೆ’ ಎಂಬ ಹಣ್ಣುನೊಣಗಳಲ್ಲಿ ಇದರ ಜೀನ್ ಕೆಟ್ಟಿರುತ್ತದೆ. ಸುಮಾರು 30 ಡಿಗ್ರಿ ಬಿಸಿ ತಾಗಿದರೆ ಸಾಕು, ನೊಣ ನಿಶ್ಚೇಷ್ಟವಾಗಿ ಬೀಳುತ್ತದೆ. ತಂಪಾದರೆ ಎದ್ದು ಹಾರುತ್ತದೆ! ನರದ ತುದಿಯಲ್ಲಿ ಸಂದೇಶದ ರಾಸಾಯನಿಕ ಸುರಿದು ಖಾಲಿಯಾದ ಚೀಲಗಳನ್ನು ಮರಳಿ ಕತ್ತರಿಸಿಕೊಳ್ಳಲಾಗದೆ ಇಡೀ ದೇಹ ಸ್ತಬ್ಧ.

ಇಂಥ ಕತ್ತರಿಯ ಕೆಲಸವನ್ನು ಕಣ್ಣಾರೆ ನೋಡುವ ಒಂದು ದಾರಿ ತೆರೆದದ್ದು ಪುಣೆಯ ಪಾಷಾಣ್‌ನಲ್ಲಿ. 2006ರಲ್ಲಿ ಶುರುವಾದ ಅಲ್ಲಿನ ಐಸರ್ ಸಂಸ್ಥೆಯ ಥಾಮಸ್ ಪುಕಾಡಿಯಿಲ್ ಮತ್ತು ಅವರ ತಂಡ ಜೀವಕೋಶವನ್ನೇ ಬದಿಗಿಟ್ಟರು. ಗಾಜಿನ ಚೂರಿನ ಮೇಲೆ ಹೊಳೆಯುವ ಬಣ್ಣ ಬೆರೆಸಿದ ಕೊಬ್ಬು. ಅದರ ಮೇಲೆ ದ್ರಾವಣ ಹರಿಸಿದರೆ ಕೊಬ್ಬು ಉದ್ದುದ್ದ ಎಳೆದುಕೊಂಡು, ಹತ್ತಾರು ನ್ಯಾನೋಮೀಟರ್ ಅಗಲದ ಕೊಳವೆಗಳಾಗುತ್ತದೆ. ಸೂಕ್ಷ್ಮದರ್ಶಕದಡಿ ಸಾಲು ಸಾಲು ಬೆಳಕಿನ ಗೆರೆಗಳು! ಬರೀ ಡೈನಮಿನ್ ಹಾಕಿದರೆ ಅದು ಸುತ್ತಿಕೊಂಡ ಕಡೆಯಲ್ಲೆಲ್ಲ ಗೆರೆ ಮಂಕಾಗುತ್ತದೆ, ಏಕೆಂದರೆ ಅಲ್ಲಿ ಕೊಳವೆ ಕಿರಿದಾಗಿದೆ. ಇನ್ನು ಜಿಟಿಪಿ ಬೆರೆಸಿ: ಆ ಮಂಕು ತಾಣಗಳಲ್ಲೇ ಗೆರೆ ಫಟ್ಟನೆ ತುಂಡು! 2015ರಲ್ಲಿ ‘ನೇಚರ್ ಸೆಲ್ ಬಯಾಲಜಿ’ಯಲ್ಲಿ ಇದು ಪ್ರಕಟವಾಯಿತು.

ನನಗಂತೂ ತುಂಡಾಗುವುದಕ್ಕಿಂತ ಸೋರದಿರುವುದೇ ದೊಡ್ಡ ಅಚ್ಚರಿ. ಮೊದಲು ಒಳಪದರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆಮೇಲೆ ಹೊರಪದರ. ಹಾಗಾಗಿ ಕತ್ತು ಹರಿಯುವ ಗಳಿಗೆಯಲ್ಲೂ ಪೊರೆಯಲ್ಲಿ ತೂತು ಬೀಳುವುದಿಲ್ಲ!

2018ರಲ್ಲಿ ಪುಕಾಡಿಯಿಲ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಅದೇ ವರ್ಷ ಅವರ ತಂಡ ಇದೇ ಕೊಳವೆಗಳ ಮೇಲೆ ಡೈನಮಿನ್‌ನ ಬಂಧು ಡಿಆರ್‌ಪಿ1 ಅನ್ನು ಬಿಟ್ಟು ನೋಡಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎರಡಾಗುವಾಗ ಇದು ಬಿಗಿಯುತ್ತದೆ ಅಷ್ಟೆ, ಕೊನೆಯ ಕಡಿತಕ್ಕೆ ಡೈನಮಿನ್ ಬೇಕೇ ಬೇಕು ಎಂಬ ವಾದ ಆಗ ಜೋರಾಗಿತ್ತು. ಪುಣೆಯ ಗಾಜಿನ ಮೇಲೆ ಡಿಆರ್‌ಪಿ1 ಒಂದೇ, ಯಾರ ನೆರವೂ ಇಲ್ಲದೆ, ಕೊಳವೆಯನ್ನು ಬಿಗಿದು ಕಡಿದುಹಾಕಿತು!