ಕಪ್ಪಿಂಗ್: ನೋವು ಇಳಿಯುವುದು ಬೇರೆ, ರೋಗ ವಾಸಿಯಾಗುವುದು ಬೇರೆ

ಮೈಮೇಲೆ ಬಟ್ಟಲು ಬೋರಲು ಹಾಕಿ, ಒಳಗಿನ ಗಾಳಿಯನ್ನು ಬೆಂಕಿಯಿಂದಲೋ ಪಂಪಿನಿಂದಲೋ ತೆಗೆದು, ಚರ್ಮವನ್ನು ಮೇಲಕ್ಕೆ ಸೆಳೆಯುವ ಕಪ್ಪಿಂಗ್ ಚಿಕಿತ್ಸೆ ಯಾವ ಒಂದು ನಾಡಿನ ಸ್ವತ್ತೂ ಅಲ್ಲ. ರಕ್ತ ತೆಗೆಯಲು ಕೊಂಬು, ಜಿಗಣೆ ಮತ್ತು ಒಳಗೆ ದೀಪವಿಟ್ಟ ಸೋರೆಬುರುಡೆಯನ್ನು ಬಳಸುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಪ್ರಾಚೀನ ಗ್ರೀಕ್ ವೈದ್ಯರೂ ಚೀನಾದ ವೈದ್ಯರೂ ಇದನ್ನು ಬಲ್ಲರು. ಅರಬ್ ಪರಂಪರೆಯಲ್ಲಿ ಇದು ಹಿಜಾಮಾ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಂದಿಗೂ ಇದು ಚಿಕಿತ್ಸೆಯ ಭಾಗ. ಇಷ್ಟು ಜನ, ಇಷ್ಟು ಕಾಲ ನಂಬಿದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುವುದೂ ಸರಿಯಲ್ಲ. ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು.

ಬಟ್ಟಲು ಸೆಳೆದಾಗ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಹಿಗ್ಗುತ್ತವೆ, ಕೆಲವು ಒಡೆಯುತ್ತವೆ. ಹೊರಬಂದ ರಕ್ತ ಅಲ್ಲೇ ನಿಂತು ದುಂಡನೆಯ ಕೆನ್ನೀಲಿ ಗುರುತಾಗುತ್ತದೆ. ಪೆಟ್ಟು ಬಿದ್ದಾಗ ಮೂಡುವ ಕಲೆಯೂ ಇದೇ. ‘ಕಲೆ ಎಷ್ಟು ಗಾಢವೋ ಒಳಗೆ ಅಷ್ಟು ವಿಷ’ ಎಂಬ ಮಾತಿಗೆ ಆಧಾರವಿಲ್ಲ. ಚರ್ಮವನ್ನು ಗೀರಿ ರಕ್ತ ತೆಗೆಯುವ ವಿಧಾನದಲ್ಲಿ ಬಟ್ಟಲಿನೊಳಗೆ ಕಪ್ಪಗೆ ಲೋಳೆಯಂತೆ ನಿಲ್ಲುವುದನ್ನು ‘ಕೆಟ್ಟ ರಕ್ತ’ ಎಂದು ತೋರಿಸುವುದುಂಟು. ಆಮ್ಲಜನಕ ಕಡಿಮೆಯಿರುವ ರಕ್ತ ಕಪ್ಪಾಗಿಯೇ ಕಾಣುತ್ತದೆ, ಹೊರಬಂದ ರಕ್ತ ಹೆಪ್ಪುಗಟ್ಟಿಯೇ ತೀರುತ್ತದೆ. ದೇಹದ ಕಶ್ಮಲ ಕಳೆಯುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಲೇ ಇರುತ್ತವೆ.

ಹಾಗಾದರೆ ಕತ್ತು, ಬೆನ್ನು ಹಗುರವಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಜರ್ಮನಿಯಲ್ಲಿ ಫೈಬ್ರೊಮಯಾಲ್ಜಿಯಾ ಎಂಬ ದೀರ್ಘಕಾಲದ ಮೈನೋವಿರುವ 141 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಎಂದಿನ ಚಿಕಿತ್ಸೆಯಷ್ಟನ್ನೇ ಪಡೆದವರಿಗಿಂತ ಕಪ್ಪಿಂಗ್ ಮಾಡಿಸಿಕೊಂಡವರಿಗೆ ನೋವು ಕಡಿಮೆಯಾಯಿತು. ಆದರೆ ಸೆಳೆತವಿಲ್ಲದ ತೋರಿಕೆಯ ಕಪ್ಪಿಂಗ್ ಪಡೆದವರಿಗೂ ಅವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಉಪಶಮನ ನಿಜ; ಅದರ ಬಹುಪಾಲು ಸ್ಪರ್ಶ, ವಿಶ್ರಾಂತಿ, ಆರೈಕೆ ಮತ್ತು ನಂಬಿಕೆಯಿಂದ ಬಂದಿರಬಹುದು. 2012ರಲ್ಲಿ 135 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಚೀನಾದ ಸಂಶೋಧಕರೂ, ಕೆಲವು ತೊಂದರೆಗಳಲ್ಲಿ ಪ್ರಯೋಜನದ ಸೂಚನೆಯಿದ್ದರೂ ಹೆಚ್ಚಿನ ಪ್ರಯೋಗಗಳ ಗುಣಮಟ್ಟ ಸಾಲದೆಂದರು. ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಭುಜದ ಮೇಲೆ ಕಂಡ ಗುರುತುಗಳು ಅವರ ನಂಬಿಕೆಗೆ ಸಾಕ್ಷಿ, ಚಿಕಿತ್ಸೆಯ ಫಲಕ್ಕಲ್ಲ.

‘ಸಾವಿರಾರು ವರ್ಷ ಉಳಿದಿದ್ದೇ ಪುರಾವೆಯಲ್ಲವೇ’ ಎಂಬ ಆಕ್ಷೇಪ ಬಲವಾದದ್ದೇ. ಆದರೆ ಯುರೋಪಿನಲ್ಲಿ ರಕ್ತ ಹರಿಸುವ ಚಿಕಿತ್ಸೆಯೂ ಎರಡು ಸಾವಿರ ವರ್ಷ ಉಳಿದಿತ್ತು. 1830ರ ದಶಕದಲ್ಲಿ ಪ್ಯಾರಿಸ್ಸಿನ ವೈದ್ಯ ಪಿಯೆರ್ ಲೂಯಿ ನ್ಯುಮೋನಿಯಾ ರೋಗಿಗಳ ಲೆಕ್ಕವಿಟ್ಟು ನೋಡಿದಾಗ, ಹೇಳಿಕೊಂಡಷ್ಟು ಲಾಭ ಅದರಲ್ಲಿ ಕಾಣಲಿಲ್ಲ. ಬಹಳಷ್ಟು ನೋವುಗಳು ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ಮಾಡಿದ ಚಿಕಿತ್ಸೆಗೆ ಹೆಸರು ಬರುತ್ತದೆ.

ಬೆನ್ನುನೋವಿಗೆ ಗೀರದ ಕಪ್ಪಿಂಗನ್ನು ತರಬೇತಿ ಪಡೆದವರಿಂದ ಮಾಡಿಸಿಕೊಂಡರೆ ಸಾಮಾನ್ಯವಾಗಿ ಹೆಚ್ಚಿನ ಅಪಾಯವಿಲ್ಲ. ಗೀರಿ ರಕ್ತ ತೆಗೆಯುವುದು ಹಾಗಲ್ಲ: ಸಲಕರಣೆ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್, ಎಚ್‌ಐವಿಯಂಥ ಸೋಂಕು ತಗಲಬಹುದು. ರಕ್ತಹೀನತೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ, ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಬಟ್ಟಲೇ ವಾಸಿಮಾಡುತ್ತದೆಂದು ನಂಬಿ ಮಾತ್ರೆ ಬಿಡುವುದು. ನೋವಿನ ಮಟ್ಟಿಗೆ ನಿಲ್ಲುವ ಕಪ್ಪಿಂಗಿಗೆ ನಮ್ಮ ನಡುವೆ ಜಾಗವಿರಲಿ. ಎಲ್ಲ ರೋಗಕ್ಕೂ ಮದ್ದೆಂದು ಮಾರುವ ಕಪ್ಪಿಂಗನ್ನು ಪ್ರಶ್ನಿಸುವುದು ಆ ಪರಂಪರೆಗೆ ಮಾಡುವ ಅವಮಾನವಲ್ಲ, ರೋಗಿಯ ಬಗೆಗಿನ ಕಾಳಜಿ.