ಕರುಳು ಎದೆಯೊಳಗೆ ಬಂದಾಗ

ಏದುಸಿರು ಬಂದರೆ ನಿಮಗೆ ಥಟ್ಟನೆ ನೆನಪಾಗುವುದು ಶ್ವಾಸಕೋಶ, ಇಲ್ಲವೇ ಹೃದಯ. ಕರುಳಿನಿಂದಲೂ ಉಸಿರಾಟದ ತೊಂದರೆ ಬರಬಹುದು ಅಂದರೆ ನಂಬುವುದು ಕಷ್ಟ. ಅಪರೂಪವಾದರೂ ಹಾಗಾಗುವುದುಂಟು.

ಎದೆಗೂಡಿಗೂ ಹೊಟ್ಟೆಗೂ ನಡುವೆ ವಪೆ ಎಂಬ ತೆಳುವಾದ ಸ್ನಾಯುವಿನ ಗೋಡೆಯಿದೆ. ಡಾಕ್ಟರುಗಳು ಡಯಾಫ್ರಾಮ್ ಅನ್ನುವುದು ಇದನ್ನೇ. ಚೂರಿ ಇರಿತ, ಗುಂಡೇಟು, ವಾಹನ ಅಪಘಾತದ ಹೊಡೆತದಿಂದ ಇದು ಹರಿಯಬಹುದು. ಹೊರಗಿನ ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚಿ ಮನೆಗೆ ಕಳಿಸುತ್ತಾರೆ. ಆದರೆ ಪ್ರತಿ ಉಸಿರಿಗೂ ಅಲುಗಾಡುವ ವಪೆಯ ತೂತು ತಾನಾಗಿ ಕೂಡಿಕೊಳ್ಳುವುದು ಕಷ್ಟ. ಎದೆಯೊಳಗಿನ ಒತ್ತಡ ಹೊಟ್ಟೆಯದಕ್ಕಿಂತ ಕಡಿಮೆ ಇರುವುದರಿಂದ ದೊಡ್ಡ ಕರುಳು ನಿಧಾನವಾಗಿ ಮೇಲಕ್ಕೆ ನುಸುಳುತ್ತದೆ. ಬಲಗಡೆ ಯಕೃತ್ತು ಅಡ್ಡ ಇರುವುದರಿಂದ ಇದು ಹೆಚ್ಚಾಗಿ ಕಾಣುವುದು ಎಡಗಡೆ.

ಇದಕ್ಕೆ ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ 16ನೇ ಶತಮಾನದಲ್ಲೇ ಇಂಥದ್ದೊಂದನ್ನು ದಾಖಲಿಸಿದ್ದಾರೆ. ಗುಂಡೇಟು ತಿಂದಿದ್ದ ಸೇನಾ ಕ್ಯಾಪ್ಟನ್ ಒಬ್ಬ 8 ತಿಂಗಳ ಬಳಿಕ ಸತ್ತ. ನೋಡಿದರೆ, ಕಿರುಬೆರಳ ತುದಿ ಹಿಡಿಸುವಷ್ಟೇ ತೂತಿನಲ್ಲಿ ಕರುಳು ಸಿಕ್ಕಿಕೊಂಡಿತ್ತು.

ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದೆ ಅದು ಕೊಳೆತು ಒಡೆದರೆ ಮಲವೂ ಗಾಳಿಯೂ ನೇರ ಎದೆಗೂಡಿಗೆ ಸೇರುತ್ತವೆ. ಕರುಳಿನಿಂದ ಎದೆಗೂಡಿಗೆ ಹೀಗೆ ಆಗುವ ಅಸಹಜ ದಾರಿಗೆ ಫಿಸ್ಟುಲಾ ಅನ್ನುತ್ತಾರೆ. ವಪೆಯ ಕೆಳಗಿನ ಕೀವುಗಡ್ಡೆ, ಕರುಳಿನ ಕ್ಯಾನ್ಸರ್, ಕ್ರೋನ್ಸ್ ಕಾಯಿಲೆಯಿಂದಲೂ ಇದು ಬರಬಹುದು. ಎದೆನೋವು, ಜ್ವರ, ಏದುಸಿರು ಇದರ ಲಕ್ಷಣಗಳು.

ತೊಡಕಿರುವುದು ಗುರುತಿಸುವುದರಲ್ಲಿ. ಬರೀ ಎಕ್ಸ್-ರೇ ನೋಡಿದರೆ ಎದೆಯಲ್ಲಿ ನೀರೋ ಗಾಳಿಯೋ ತುಂಬಿದಂತೆ ಕಾಣಬಹುದು. ಒಳಗೆ ಕರುಳಿದೆ ಎಂದು ತಿಳಿಯದೆ ನಳಿಕೆ ಹಾಕಿದರೆ ಕರುಳಿಗೇ ಚುಚ್ಚುವ ಅಪಾಯವಿದೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ನಿಜಸ್ಥಿತಿ ಬಹುಮಟ್ಟಿಗೆ ತಿಳಿಯುತ್ತದೆ. ಆಮೇಲೆ ಆಪರೇಷನ್ ಮಾಡಿ, ಕೆಟ್ಟ ಕರುಳನ್ನು ಕತ್ತರಿಸಿ, ಎದೆಯೊಳಗಿನ ಕೀವು ತೊಳೆದು, ವಪೆಯನ್ನು ಹೊಲಿಯುತ್ತಾರೆ. ತಡವಾದಷ್ಟೂ ಜೀವಕ್ಕೆ ಅಪಾಯ.

ಇಲ್ಲಿ ನಿಮ್ಮಿಂದಾಗುವ ಕೆಲಸವೂ ಒಂದಿದೆ. ದುಡಿಮೆಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಜನರ ಹಳೆಯ ಆಸ್ಪತ್ರೆ ಚೀಟಿಗಳು ಊರಲ್ಲೇ ಉಳಿದಿರುತ್ತವೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ನಿಮ್ಮನ್ನು ಮೊದಲ ಬಾರಿ ನೋಡುವ ಡಾಕ್ಟರಿಗೆ ಆ ಹಳೆಯ ಗಾಯದ ವಿಷಯ ಹೇಗೆ ಗೊತ್ತಾಗಬೇಕು? ಜಗಳದಲ್ಲಿ ಆದ ಇರಿತವೇ ಆಗಿರಲಿ, ನಾಚಿಕೊಂಡು ಮುಚ್ಚಿಡಬೇಡಿ. "10 ವರ್ಷದ ಹಿಂದೆ ಎಡ ಪಕ್ಕೆಗೆ ಏಟು ಬಿದ್ದಿತ್ತು ಡಾಕ್ಟ್ರೇ" ಎಂದು ಹೇಳಿಬಿಡಿ. ಆ ಒಂದು ಮಾತು ಜೀವ ಉಳಿಸಬಹುದು.