ಪಿಂಗಾಣಿ ಹಲ್ಲಿನ ಅಂಚಿಗೆ ಬೆಳಕಿನ ಕಾವಲು

ಕಲೆಬಿದ್ದ ಅಥವಾ ಮುಕ್ಕಾದ ಬಾಚಿಹಲ್ಲುಗಳ ಮುಂಬದಿಗೆ ಪಿಂಗಾಣಿಯ ತೆಳು ಹೊದಿಕೆ ಅಂಟಿಸುವುದು ಈಗ ಸಾಮಾನ್ಯ ಚಿಕಿತ್ಸೆ. ಇದಕ್ಕೆ ವೆನೀರ್ ಎಂದು ಹೆಸರು. ಕೋಲಾರ, ಪಾವಗಡದಂತಹ ಪ್ರದೇಶಗಳಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆಗಳನ್ನು ಇದರಿಂದ ಮರೆಮಾಡಬಹುದು. ಹೊದಿಕೆಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪಿಂಗಾಣಿ ಹುಳುಕಾಗುವುದಿಲ್ಲ. ಹಾಗಿದ್ದರೂ ಅದಕ್ಕೆ ಆರೈಕೆ ಏಕೆ ಬೇಕು?

ತೊಂದರೆ ಇರುವುದು ಅಂಚಿನಲ್ಲಿ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಅವರು ಎನಾಮಲ್‌ಗೆ 85% ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಸವರಿದರೆ ಅಕ್ರಿಲಿಕ್ ರಾಳ ಬಿಗಿಯಾಗಿ ಅಂಟುತ್ತದೆಂದು ತೋರಿಸಿದರು. ಆಮ್ಲ ಕೊರೆದ ಸೂಕ್ಷ್ಮ ಕುಳಿಗಳೊಳಕ್ಕೆ ರಾಳ ಇಳಿದು ಗಟ್ಟಿಯಾಗುತ್ತದೆ. ವೆನೀರ್ ನಿಂತಿರುವುದೂ ಇದೇ ತತ್ತ್ವದ ಮೇಲೆ. ಆಮ್ಲದ ಪ್ರಮಾಣ ಮಾತ್ರ ಈಗ ಸುಮಾರು 37%ಕ್ಕೆ ಇಳಿದಿದೆ. ಪಿಂಗಾಣಿ, ರಾಳ, ಹಲ್ಲು ಮೂರೂ ಕೂಡುವ ಗೆರೆ ವಸಡಿನ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳ ಪದರ ನೆಲೆಸಿದರೆ ಅವು ಸ್ರವಿಸುವ ಆಮ್ಲ ಪಿಂಗಾಣಿಯನ್ನು ಬಿಟ್ಟು ಅದರಡಿಯ ಹಲ್ಲನ್ನು ಕರಗಿಸುತ್ತದೆ. ಕನ್ನಡಿಯಲ್ಲಿ ನೋಡಿಕೊಂಡವರಿಗೆ ನಗು ಎಂದಿನಂತೆ ಅಂದವಾಗಿಯೇ ಕಾಣುತ್ತದೆ!

ಈ ಪದರವನ್ನು ರೋಗಿಯ ಕಣ್ಣಿಗೇ ಕಾಣಿಸುವ ಉಪಕರಣ ಪ್ರತಿದೀಪ್ತಿ ಕ್ಯಾಮೆರಾ. ಸುಮಾರು 405 ನ್ಯಾನೊಮೀಟರ್ ತರಂಗದೂರದ ನೇರಳೆ ಬೆಳಕು ಬಿದ್ದಾಗ ಆರೋಗ್ಯವಂತ ಹಲ್ಲು ಹಸಿರಾಗಿ ಹೊಳೆಯುತ್ತದೆ. ಹಳೆಯ ಪದರದಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುವ ಪಾರ್ಫಿರಿನ್ ಸಂಯುಕ್ತಗಳು ಅದೇ ಬೆಳಕನ್ನು ಹೀರಿ ಕೆಂಪು ಬೆಳಕನ್ನು ಹೊಮ್ಮಿಸುತ್ತವೆ. ತನ್ನದೇ ಹಲ್ಲಿನಂಚಿನ ಕೆಂಪು ಗೆರೆಯನ್ನು ಪರದೆಯ ಮೇಲೆ ಕಂಡವರಿಗೆ ಬೇರೆ ಉಪದೇಶ ಬೇಕಾಗದು. ಆದರೆ ನಿನ್ನೆ ಮೊನ್ನೆ ಕೂತ ಹೊಸ ಪದರ ಕೆಂಪಾಗದಿರಬಹುದು. ಆದ್ದರಿಂದ ಕೆಂಪು ಕಾಣಲಿಲ್ಲವೆಂದರೆ ಹಲ್ಲು ಸ್ವಚ್ಛವಾಗಿದೆ ಎಂದಲ್ಲ.

ಗೆರೆ ಕಂಡ ಕೂಡಲೇ ಕೆಲವರು ಬಲವಾಗಿ ಉಜ್ಜತೊಡಗುತ್ತಾರೆ. ಇದರಿಂದ ವಸಡು ಹಿಂಜರಿದು ಅಂಚು ಇನ್ನಷ್ಟು ಬಯಲಾಗುತ್ತದೆ. ಒತ್ತಡ ಸಂವೇದಕವುಳ್ಳ ವಿದ್ಯುತ್ ಬ್ರಷ್‌ಗಳು ಮಿತಿ ಮೀರಿದಾಗ ದೀಪ ಹೊತ್ತಿಸಿ ಎಚ್ಚರಿಸುತ್ತವೆ. ವಸಡು ಎಷ್ಟು ಸರಿದಿದೆ ಎಂಬುದನ್ನು ಬಾಯಿಯೊಳಗಿನ ಡಿಜಿಟಲ್ ಸ್ಕ್ಯಾನರ್ ಹೇಳಬಲ್ಲದು. ತಿಂಗಳುಗಳ ಅಂತರದ ಎರಡು ಮೂರು-ಆಯಾಮದ ಚಿತ್ರಗಳನ್ನು ಕಂಪ್ಯೂಟರ್ ಒಂದರ ಮೇಲೊಂದಿಟ್ಟು ಹೋಲಿಸುತ್ತದೆ.

ಇನ್ನೊಂದು ಎಚ್ಚರಿಕೆ. ಹುಳುಕು ತಡೆಯಲು ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್ ಪಿಂಗಾಣಿಯ ಹೊಳಪನ್ನು ಕೊರೆಯುತ್ತದೆ. ವೆನೀರ್ ಇದ್ದವರಿಗೆ ತಟಸ್ಥ ಸೋಡಿಯಂ ಫ್ಲೋರೈಡ್ ಸೂಕ್ತ. ಕ್ಯಾಮೆರಾ ಸೌಲಭ್ಯ ಸಿಗದ ಊರಿನಲ್ಲಿ, ಅಗಿದಾಗ ಪದರಕ್ಕೆ ಬಣ್ಣ ಹಿಡಿಸುವ ಮಾತ್ರೆಗಳು ಕಡಿಮೆ ಖರ್ಚಿನಲ್ಲಿ ಬಹುಪಾಲು ಅದೇ ಕೆಲಸ ಮಾಡುತ್ತವೆ. ಇವು ಹೊಸ ಪದರಕ್ಕೂ ಬಣ್ಣ ಹಿಡಿಸುತ್ತವೆ.